ಅಡುಗೆಮನೆಗೊಂದು ಕಿಟಕಿ

ವಿದ್ಯಾಧೀಶನ ಹಣೆಯ ಮೇಲೆ ಒಂದು ಬುಗುಟು ಇರದಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ.

ಮುಳಬಾಗಿಲಿನ ಹಳೆಯ ಬೀದಿಯೊಂದರಲ್ಲಿ ಅವನ ಮುತ್ತಾತ ಕಟ್ಟಿಸಿದ ಕಲ್ಲುಮನೆ ಇದೆ. ಗೋಡೆ ಕಲ್ಲು, ಕಂಬ ಕಲ್ಲು, ಮೇಲೆ ಹೊದಿಸಿರುವುದೂ ಏಳೇಳು ಅಡಿಯ ಕಲ್ಲು ಚಪ್ಪಡಿ. ಮುತ್ತಾತ ಐದಡಿಯ ಮನುಷ್ಯರು. ತಮ್ಮ ವಂಶದಲ್ಲಿ ತಮಗಿಂತ ಎತ್ತರದವರು ಹುಟ್ಟಬಹುದೆಂದು ಅವರಿಗೆ ಹೊಳೆಯಲಿಲ್ಲವೋ, ಹುಟ್ಟಿದರೆ ಬಗ್ಗಿ ಬರಲಿ ಎಂದುಕೊಂಡರೋ, ಬಾಗಿಲ ಮೇಲಿನ ಅಡ್ಡಗಲ್ಲನ್ನು ಐದಡಿ ಎರಡಂಗುಲಕ್ಕೆ ಕೂರಿಸಿಬಿಟ್ಟರು. ವಿದ್ಯಾಧೀಶ ಐದಡಿ ಹತ್ತಂಗುಲ. ಬಗ್ಗುವುದು ಗೊತ್ತಿಲ್ಲದವನೇನಲ್ಲ, ಆದರೆ ಸದಾ ಏನೋ ಕನಸು ಕಾಣುತ್ತಾ ನಡೆಯುವವನಿಗೆ ಬಾಗಿಲು ಬಂದದ್ದು ಬಡಿದ ಮೇಲೇ ತಿಳಿಯುತ್ತಿತ್ತು. ಹಣೆಯ ಅಂಗಾರ ಅಕ್ಷತೆಯ ಮೇಲೆ ಈ ಮೂರನೆಯ ಗುರುತೂ ಇಪ್ಪತ್ತು ವರ್ಷಗಳಿಂದ ಕಾಯಮ್ಮಾಗಿ ನಿಂತಿತ್ತು.

ಅವನದು ಎಂಜಿನಿಯರೊಬ್ಬರ ಕಚೇರಿಯಲ್ಲಿ ಮನೆಗಳ ನಕ್ಷೆ ಬರೆಯುವ ಕೆಲಸ. ಊರಿಗೆಲ್ಲ ಏಳಡಿಯ ಬಾಗಿಲು ಬರೆದುಕೊಟ್ಟು ಸಂಜೆ ಬಂದು ತನ್ನ ಬಾಗಿಲಿಗೆ ತಲೆ ಕೊಡುತ್ತಿದ್ದ. ಬುಗುಟನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಅಡುಗೆಮನೆ. ಅದಕ್ಕೆ ಕಿಟಕಿಯೇ ಇರಲಿಲ್ಲ. ಮದುವೆಯಾಗಿ ಬಂದ ವಾರದಲ್ಲೇ ಹೆಂಡತಿ ಪ್ರಿಯಂವದಾ, “ಇಲ್ಲಿಗೆ ಬೆಳಕು ಎಲ್ಲಿಂದ ಬರುತ್ತೆ?” ಎಂದು ಕೇಳಿದ್ದಳು. “ಬರುತ್ತೆ, ಮಾಡಿಸ್ತೀನಿ” ಎಂದಿದ್ದ. ಆ ಮಾತಿಗೆ ಹನ್ನೊಂದು ವರ್ಷವಾಗಿತ್ತು. ಅವಳು ಮತ್ತೆ ಕೇಳಲಿಲ್ಲ. ಕೇಳದೇ ಇದ್ದುದು ಅವನಿಗೆ ಅಡ್ಡಗಲ್ಲಿಗಿಂತ ಗಟ್ಟಿಯಾಗಿ ಬಡಿಯುತ್ತಿತ್ತು.

ಅಂಥವನ ಪಾಲಿಗೆ ೨೦೦೯ರಲ್ಲಿ ಒಂದು ಸ್ಪರ್ಧೆ ಬಂತು. ಬೆಂಗಳೂರಿನ ಕಟ್ಟಡ ಸಂಶೋಧನಾ ಸಂಸ್ಥೆಯೊಂದು ಕೋಲಾರ ಜಿಲ್ಲೆಯವರಿಗಾಗಿ ಇಟ್ಟದ್ದು. ಕಂಪ್ಯೂಟರಿನಲ್ಲಿ ಮನೆಯ ಪೂರ್ತಿ ಮಾದರಿ ಕಟ್ಟಬೇಕು. ಹಾಳೆಯ ನಕ್ಷೆಯಲ್ಲಿ ಗೋಡೆಯೆಂದರೆ ಎರಡು ಗೆರೆ, ಇಲ್ಲಿ ಹಾಗಲ್ಲ. ಈ ಗೋಡೆಗೆ ತಾನು ಎಷ್ಟು ಇಟ್ಟಿಗೆ, ಆ ಇಟ್ಟಿಗೆ ಮಾಲೂರಿನ ಗೂಡಿನಲ್ಲಿ ಬೇಯಲು ಎಷ್ಟು ಉರಿ ಬೇಕಾಯಿತು, ಇಲ್ಲಿಗೆ ತರಲು ಲಾರಿ ಎಷ್ಟು ಡೀಸೆಲ್ ಕುಡಿಯಿತು ಎಲ್ಲವೂ ಗೊತ್ತು. ಸಿಮೆಂಟು, ಕಬ್ಬಿಣ, ಗಾಜು ಎಲ್ಲಕ್ಕೂ ಹಾಗೆಯೇ. ಮನೆ ಕಟ್ಟಲು ಹಿಡಿಯುವ ಒಟ್ಟು ಶಕ್ತಿ ಪರದೆಯ ಬಲ ಮೂಲೆಯಲ್ಲಿ ಒಂದು ಅಂಕೆಯಾಗಿ ಕೂತಿರುತ್ತದೆ. ಯಾರ ಅಂಕೆ ಎಲ್ಲರಿಗಿಂತ ಕಡಿಮೆಯೋ ಅವರ ಮನೆಯನ್ನು ಅವರದೇ ಜಾಗದಲ್ಲಿ, ಸಂಸ್ಥೆಯೇ ತನ್ನ ಖರ್ಚಿನಲ್ಲಿ ಮಾದರಿ ಮನೆಯಾಗಿ ನಿಲ್ಲಿಸಿಕೊಡುತ್ತದೆ. ಗೋಡೆ ತಾಗಿರುವ ನೆರೆಯವರ ಒಪ್ಪಿಗೆ ಪತ್ರ ಬೇಕು. ಗೆದ್ದವರು ಹತ್ತು ವರ್ಷ ಆ ಮನೆಯನ್ನು ಮಾದರಿಯಲ್ಲಿ ಇದ್ದಂತೆಯೇ ಇಟ್ಟುಕೊಳ್ಳಬೇಕು. ಅಂಥ ಮನೆಯನ್ನು ಬದಲಾಯಿಸುವ ಮೂರ್ಖ ಯಾರಿರುತ್ತಾನೆ ಎಂದು ನಗುತ್ತಲೇ ವಿದ್ಯಾಧೀಶ ಆ ಷರತ್ತಿನ ಕೆಳಗೆ ಸಹಿ ಹಾಕಿದ್ದ.

ಸಂಸ್ಥೆಯವರು ಮನೆಗೇ ಬಂದು ಮಾದರಿ ನೋಡುವ ದಿನ ಬಂತು. ಗುರುವಾರ, ಸಂಜೆ ನಾಲ್ಕಕ್ಕೆ. ಅವನು ಕಚೇರಿಗೆ ರಜೆ ಹಾಕಿದ.

ಬೆಳಿಗ್ಗೆ ಎಂಟಕ್ಕೆ ಅಂಕೆ ತೊಂಬತ್ತಾರು ಸಾವಿರದ ನಾನೂರು. ಅವನಿಗೆ ತಿಳಿದಂತೆ ಜಿಲ್ಲೆಯಲ್ಲಿ ಒಂದು ಲಕ್ಷದ ಕೆಳಗೆ ಬಂದವರು ಬೇರೆ ಯಾರೂ ಇರಲಿಲ್ಲ.

“ಬಾ ಇಲ್ಲಿ, ಮನೆ ತೋರಿಸ್ತೀನಿ” ಎಂದು ಹೆಂಡತಿಯನ್ನು ಕರೆದ.

ನಡುಮನೆಯ ಅಕ್ಕಿ ಪೆಟ್ಟಿಗೆಯ ಮೇಲೆ ಕಂಪ್ಯೂಟರು. ಪ್ರಿಯಂವದಾ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಪಕ್ಕದಲ್ಲಿ ಕೂತಳು. ಅವನು ಮೌಸ್ ಹಿಡಿದು ಮೆಲ್ಲಗೆ ಒಳಗೆ ನಡೆಸಿಕೊಂಡು ಹೋದ. ಏಳಡಿಯ ಬಾಗಿಲು. ದಾಟುವಾಗ ಇಬ್ಬರೂ ಅಭ್ಯಾಸಬಲದಿಂದ ಕೂತಲ್ಲೇ ತಲೆ ತಗ್ಗಿಸಿ, ಒಬ್ಬರನ್ನೊಬ್ಬರು ನೋಡಿ ನಕ್ಕರು. ಮುಂದಿನ ಚಿಕ್ಕ ಕೋಣೆ ದಾಟಿ, ದೇವರ ಮನೆ ದಾಟಿ, ಅಡುಗೆಮನೆ. ಪೂರ್ವದ ಗೋಡೆಗೆ ಮೂರಡಿ ಅಗಲ ನಾಲ್ಕಡಿ ಎತ್ತರದ ಕಿಟಕಿ. ಗಂಟೆ ಎಷ್ಟೆಂದು ಹೇಳಿದರೆ ಆ ಗಂಟೆಯ ಬಿಸಿಲನ್ನು ತೋರಿಸುವ ಸೌಕರ್ಯ ಆ ಕಂಪ್ಯೂಟರಿನಲ್ಲಿತ್ತು. ಅವನು ಎಂಟು ಎಂದು ಒತ್ತಿದ. ಕಿಟಕಿಯಿಂದ ಬಿಸಿಲು ಇಳಿದು ಒಲೆಯ ಕಟ್ಟೆಯ ಮೇಲೆ ಹಾಸಿಕೊಂಡಿತು.

ಪ್ರಿಯಂವದಾ ಇನ್ನಷ್ಟು ಹತ್ತಿರಕ್ಕೆ ಸರಿದಳು. ಕೈ ಚಾಚಿ ಪರದೆಯ ಮೇಲಿನ ಬಿಸಿಲಿಗೆ ಅಂಗೈ ಒಡ್ಡಿದಳು.

“ಬೆಚ್ಚಗಿದೆ ರೀ” ಎಂದಳು.

ಅದು ಪರದೆಯ ಬಿಸಿ ಎಂದು ವಿದ್ಯಾಧೀಶನಿಗೆ ಗೊತ್ತಿತ್ತು. ಹೇಳಲು ಮನಸ್ಸಾಗಲಿಲ್ಲ. ಅವನಿಗೆ ಆಗ ತುಂಬ ಸಂತೋಷವಾಗಿತ್ತು.

ಸಂತೋಷ ಹತ್ತು ನಿಮಿಷ ಬಾಳಿತು. ಸ್ನಾನ ಮುಗಿಸಿ ಮಡಿಯುಟ್ಟ ತಾಯಿ ತಿರುಮಲಮ್ಮ ಬಂದು ಕನ್ನಡಕ ಏರಿಸಿಕೊಂಡು ಪರದೆಯನ್ನು ನೋಡಿದರು.

“ಏನೋ ಇದು? ದೇವರ ಮನೇಲಿ ಶೂ ಹಾಕ್ಕೊಂಡು ನಿಂತಿದಾನಲ್ಲೋ, ಯಾರೋ ಅವ್ನು?”

ಅಳತೆ ತಿಳಿಯಲೆಂದು ಕಂಪ್ಯೂಟರು ತಾನೇ ನಿಲ್ಲಿಸುವ ಬೂದು ಬಣ್ಣದ ಮನುಷ್ಯನೊಬ್ಬ ಅದರಲ್ಲಿದ್ದ. ಪ್ಯಾಂಟು, ಶೂ, ಐದಡಿ ಹತ್ತಂಗುಲ. “ಅವನು ಯಾರೂ ಅಲ್ಲಮ್ಮ, ಸುಮ್ನೆ ಅಳತೆಗೆ.”

“ಅಳತೆ ಅಂಗಳದಲ್ಲಿ ನಿಂತ್ಕೊಂಡು ಮಾಡ್ಲಿ. ಮೊದ್ಲು ಅವನ್ನ ಆಚೆ ಕಳ್ಸು!”

ವಿದ್ಯಾಧೀಶ ಅವನನ್ನು ಎಳೆದು ತಲೆಬಾಗಿಲಲ್ಲಿ ನಿಲ್ಲಿಸಿದ. ತಿರುಮಲಮ್ಮ ಇನ್ನಷ್ಟು ಬಗ್ಗಿ ನೋಡಿದರು. “ಆರಾಧನೆಗೆ ಐವತ್ತು ಜನ ಬರ್ತಾರೆ. ಅವರೆಲ್ಲ ಎಲ್ಲಿ ಕೂತ್ಕೋಬೇಕೋ ಊಟಕ್ಕೆ? ಹಾಲ್ ಎಲ್ಲಿ?”

“ಅಮ್ಮ, ಹಾಲ್ ಹಾಕಿದ್ರೆ ಅಂಕೆ ಏರುತ್ತೆ.”

“ಏರ್ಲಿ ಬಿಡೋ. ಕಡಿಮೆ ಆಗೋದು ಏನು ಚೆಂದ? ಕುರುಡುಮಲೆ ಗಣಪತಿಗೆ ಹರಕೆ ಹೊತ್ತಿದೀನಿ, ದೊಡ್ಡದಾಗೇ ಆಗುತ್ತೆ.”

ಅವನು ವಿವರಿಸಿದ. ಇಟ್ಟಿಗೆ ಸುಡುವ ಉರಿ, ಲಾರಿಯ ಡೀಸೆಲ್, ಸಿಮೆಂಟಿನ ಕಲ್ಲಿದ್ದಲು ಎಲ್ಲವನ್ನೂ ಹೇಳಿದ. ತಾಯಿ ಎಲ್ಲ ಕೇಳಿ, “ಸರಿ, ಈಗ ಹಾಲ್ ಹಾಕು” ಎಂದರು. ಹಾಕಿದ. ಐವತ್ತು ಜನ ಕೂರುವ ಕಾಂಕ್ರೀಟು ತಾರಸಿಯ ಹಾಲ್. ಅಂಕೆ ಒಂದು ಲಕ್ಷದ ಮೂವತ್ತೆರಡು ಸಾವಿರಕ್ಕೆ ಜಿಗಿಯಿತು.

ತಾಯಿ ಅತ್ತ ಹೋದ ಕೂಡಲೇ ತೆಗೆದುಬಿಡೋಣ ಎಂದು ಅವನು ಕಾಯುತ್ತಿರುವಾಗಲೇ ಪಕ್ಕದ ಮನೆಯ ಲಕ್ಷ್ಮೀನಾರಾಯಣ ರಾಯರು ಬಂದರು. ಸರ್ಕಾರದ ಲೆಕ್ಕಪತ್ರ ವಿಭಾಗದಲ್ಲಿದ್ದು ನಿವೃತ್ತರಾದವರು. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಒಪ್ಪಿಗೆ ಪತ್ರಕ್ಕೆ ಅವರ ಸಹಿ ಇನ್ನೂ ಬಿದ್ದಿರಲಿಲ್ಲ. ಸಹಿ ಎಂದರೆ ರಾಯರು ಕನ್ಯಾದಾನ ಮಾಡಿದಷ್ಟು ಯೋಚಿಸುತ್ತಿದ್ದರು.

“ಏನಯ್ಯಾ ವಿದ್ಯಾಧೀಶ, ಮನೆ ಕಟ್ಟಕ್ಕೆ ಶಕ್ತಿ ಎಷ್ಟು ಬೇಕು ಅಂತ ಅಳೆಯುತ್ತಂತೆ ಇದು? ನಾನು ಮೂವತ್ತು ವರ್ಷ ಆಡಿಟ್ ಮಾಡಿದೀನಿ. ಮನೆ ಕಟ್ಟಿಸಿದೋರ ಶಕ್ತಿ ಉಡುಗಿಹೋಗಿದ್ದು ಎಷ್ಟು ನೋಡಿಲ್ಲ! ಅದಕ್ಕೂ ಯಂತ್ರ ಬಂತಾ?”

“ರಾಯರೇ, ಒಂದು ಸಹಿ...”

“ಮಾಡೋಣ. ನೀನು ನಿನ್ನ ಮನೆ ಬಿಚ್ಚಿದ್ರೆ ನನ್ನ ಗೋಡೆ ಬೆತ್ತಲಾಗುತ್ತಲ್ಲ, ಅದಕ್ಕೆ ಏನು ಮಾಡಿದೀಯ? ನನ್ನ ಕಡೆಗೆ ಒಂಬತ್ತಂಗುಲದ ಇಟ್ಟಿಗೆ ಗೋಡೆ ಬೇರೆ ಕಟ್ಟು. ಮಾಲೂರಿಂದೇ ತರ್ಸು, ಬೇರೆ ಕಡೇದು ಬೇಡ. ಸುತ್ತ ಕಾಂಪೌಂಡು ಬೇಕು, ಗಿಲಾವು ಎರಡೂ ಕಡೆಗೆ ಆಗ್ಬೇಕು. ಅದು ಪರದೆ ಮೇಲೆ ಬರ್ಲಿ, ಕಣ್ಣಾರೆ ನೋಡಿ ಸಹಿ ಹಾಕ್ತೀನಿ.”

ವಿದ್ಯಾಧೀಶ ಕಟ್ಟಿದ. ರಾಯರು ಕುರ್ಚಿ ಎಳೆದು ಕೂತು ಇಟ್ಟಿಗೆಯ ಸಾಲುಗಳನ್ನು ಬೆರಳಿನಿಂದ ಎಣಿಸಿದರು. ಅಂಕೆ ಒಂದು ಲಕ್ಷದ ಐವತ್ತೆಂಟು ಸಾವಿರ. ರಾಯರು, “ಚೆನ್ನಾಗಿದೆ. ಊಟ ಮಾಡ್ಕೊಂಡು ಬಂದು ಸಹಿ ಹಾಕ್ತೀನಿ” ಎಂದು ಎದ್ದು ಹೋದರು.

ದಿಕ್ಕು ತೋಚದೆ ವಿದ್ಯಾಧೀಶ ಮೇಸ್ತ್ರಿ ಕದಿರಪ್ಪನಿಗೆ ಹೇಳಿಕಳಿಸಿದ. ಕದಿರಪ್ಪ ನಲವತ್ತು ವರ್ಷದಿಂದ ಕಲ್ಲುಕೆಲಸ ಮಾಡುತ್ತಿದ್ದವನು, ಮಾತಿನಲ್ಲಿ ಅರ್ಧ ತೆಲುಗು. ಬಂದವನೇ ಪರದೆಯನ್ನು ನೋಡದೆ ಗೋಡೆಯನ್ನು ತಟ್ಟಿ ನೋಡಿದ.

“ಏಮಿ ಸಾಮಿ, ಈ ಕಲ್ಲೆಲ್ಲ ಏನ್ ಮಾಡ್ತೀರಿ ಹಂಗಾದ್ರೆ?”

“ಅದಾ? ಟ್ರಾಕ್ಟರಲ್ಲಿ ಹೊರಗೆ ಹಾಕ್ಸೋದು.”

“ಅಯ್ಯೋ ದೇವುಡಾ! ಇಂಥಾ ಚಪ್ಪಡಿ ಈಗ ಎಲ್ಲಿ ಸಿಗುತ್ತೆ? ಇದನ್ನೇ ಮೇಲಕ್ಕೆ ಹೊದಿಸಿ. ಸಿಮೆಂಟು ಯಾಕೆ, ಕಬ್ಣ ಯಾಕೆ?”

ವಿದ್ಯಾಧೀಶನ ತಲೆಯಲ್ಲಿ ದೀಪ ಹತ್ತಿತು. ಸ್ಪರ್ಧೆಯ ನಿಯಮದ ಪುಸ್ತಕವನ್ನು ತಡಕಾಡಿದ. ಇತ್ತು! ಅದೇ ಜಾಗದ ಹಳೆಯ ಸಾಮಗ್ರಿಯನ್ನು ಮತ್ತೆ ಬಳಸಿದರೆ ಅದರ ಶಕ್ತಿ ಸೊನ್ನೆ. ತಾರಸಿ ತೆಗೆದು ಚಪ್ಪಡಿ ಹಾಕಿದ. ಅಂಕೆ ಸರ್ರನೆ ಇಳಿದು ಒಂದು ಲಕ್ಷದ ಹತ್ತು ಸಾವಿರಕ್ಕೆ ನಿಂತಿತು.

“ನನ್ದೂ ಶಕ್ತಿ ಬರ್ಕೊಂಡ್ರಾ ಸಾಮಿ?” ಎಂದ ಕದಿರಪ್ಪ. “ಬೆಳಿಗ್ಗೆ ಎರಡು ಮುದ್ದೆ, ಮದ್ಯಾನ ಎರಡು.”

“ಮನುಷ್ಯರದ್ದು ಲೆಕ್ಕಕ್ಕಿಲ್ಲಪ್ಪ.”

“ಅಂತೇ ಸಾಮಿ, ಅಷ್ಟೇ. ಎಲ್ಲಾ ಕಡೆನೂ ಅಂತೇ” ಎಂದು ಕದಿರಪ್ಪ ಬೇಸರವಿಲ್ಲದೆ ಹೇಳಿ ಎಲೆಅಡಿಕೆ ಬಿಚ್ಚಿದ.

ಹನ್ನೆರಡೂವರೆಗೆ ಕಚೇರಿಯಿಂದ ನಂದಕಿಶೋರನ ಫೋನು ಬಂತು. ಅವನು ವಿದ್ಯಾಧೀಶನ ಪಕ್ಕದ ಮೇಜಿನವನು, ಜಿಲ್ಲೆಯ ಸುದ್ದಿಯೆಲ್ಲ ಅವನ ಹತ್ತಿರ ಇರುತ್ತಿತ್ತು. “ಲೇ ವಿದ್ಯಾ, ಕೇಳಿದ್ಯಾ? ಶ್ರೀನಿವಾಸಪುರದೋನು ಒಬ್ಬ ಬರೀ ಸುಡದಿರೋ ಮಣ್ಣಿನ ಇಟ್ಟಿಗೆ ಇಟ್ಕೊಂಡು ಮೂವತ್ತೊಂದು ಸಾವಿರಕ್ಕೆ ತಂದಿದಾನಂತೆ. ಸಂಸ್ಥೆಯೋರು ಅಲ್ಲಿ ನೋಡ್ಕೊಂಡು ನಿನ್ನ ಹತ್ರ ಬರ್ತಿದಾರೆ. ಏನಾದ್ರೂ ಮಾಡೋ!”

ಮೂವತ್ತೊಂದು ಸಾವಿರ. ವಿದ್ಯಾಧೀಶ ನೀರು ಕುಡಿದು ಮತ್ತೆ ಪರದೆಯ ಮುಂದೆ ಕೂತ.

ಅಲ್ಲಿಂದಾಚೆಗೆ ಅವನ ಕಣ್ಣು ಮೂಲೆಯ ಅಂಕೆಯನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಬೀದಿ ತೂಕಡಿಸುತ್ತಿತ್ತು. ಅವನೂ ಒಂದು ಬಗೆಯ ನಿದ್ದೆಯಲ್ಲಿ ನಡೆಯುವವನಂತೆ ಮೌಸ್ ಆಡಿಸುತ್ತಿದ್ದ. ಕದಿರಪ್ಪ ಗೋಡೆಗೆ ಒರಗಿ ಕೂತು ಹೇಳುತ್ತಿದ್ದ, ಅವನು ಮಾಡುತ್ತಿದ್ದ.

“ಏಳಡಿ ಚಪ್ಪಡಿ ಸಾಮಿ. ರೂಮು ಏಳಡಿ ಮೇಲೆ ಅಗಲ ಮಾಡಕ್ಕಾಗಲ್ಲ.”

ಕೋಣೆಗಳು ಕುಗ್ಗಿದವು.

“ಹಾಲ್‌ಗೆ ನಡುವೆ ಕಂಬ ಕೊಡ್ಬೇಕು.”

ಕಂಬಗಳ ನಡುವೆ ಎಲೆ ಹಾಕುವುದು ಹೇಗೆಂದು ತಿರುಮಲಮ್ಮ ಯೋಚಿಸಿದರು. “ಹಾಗಾದ್ರೆ ಈ ನಡುಮನೇಲಿ ಕೂತ್ಕೊಳ್ಳೋ ಹಾಗೇ ಎರಡು ಪಂಕ್ತಿ ಆಗುತ್ತೆ. ಅಷ್ಟೇ ತಾನೆ? ಹಾಗೇ ಮಾಡು” ಎಂದರು. ಹಾಲ್ ಹೋಗಿ ನಡುಮನೆ ಬಂತು.

“ಚಪ್ಪಡಿ ಭಾರಕ್ಕೆ ಇಟ್ಗೆ ಗೋಡೆ ನಿಲ್ಲಲ್ಲ. ಒಂದೂವರೆ ಅಡಿ ಕಲ್ಲುಗೋಡೆನೇ ಬೇಕು. ಇದೇ ಕಲ್ಲಿದ್ಯಲ್ಲ ಸಾಮಿ.”

ಇಟ್ಟಿಗೆ ಹೋಗಿ ಕಲ್ಲು ಬಂತು. ಊಟ ಮುಗಿಸಿ ಬಂದ ರಾಯರು ತಮ್ಮ ಕಡೆಯ ಗೋಡೆಯನ್ನು ಪರೀಕ್ಷಿಸಿದರು. “ಇದು ಈಗಿರೋ ಗೋಡೆ ಥರಾನೇ ಇದೆಯಲ್ಲ! ಇದು ಭದ್ರ. ಹಾಗಾದ್ರೆ ನನ್ಗೆ ಕಾಂಪೌಂಡೂ ಬೇಡ” ಎಂದು ಪತ್ರಕ್ಕೆ ಸಹಿ ಒತ್ತಿ, ಕೆಳಗೆ ತಾರೀಖನ್ನೂ ಹಾಕಿದರು. ಅಂಕೆ ನಲವತ್ತು ಸಾವಿರಕ್ಕೆ ಬಂತು.

“ಬಾಗಿಲು?” ಎಂದ ವಿದ್ಯಾಧೀಶ, ಸಣ್ಣ ದನಿಯಲ್ಲಿ.

ಕದಿರಪ್ಪ ಅಡ್ಡಗಲ್ಲನ್ನು ನೋಡಿದ, ಅವನ ಹಣೆಯನ್ನು ನೋಡಿದ. “ಪಕ್ಕದ ನಿಲುಗಲ್ಲೇ ಅಷ್ಟುದ್ದ ಸಾಮಿ. ಏಳಡಿ ಬೇಕಂದ್ರೆ ಹೊಸಾ ಕಲ್ಲು ತರ್ಬೇಕು, ಲಾರಿ ಬರ್ಬೇಕು.”

ಲಾರಿ ಎಂದರೆ ಅಂಕೆ. ವಿದ್ಯಾಧೀಶ ಒಂದು ನಿಮಿಷ ಕಣ್ಣು ಮುಚ್ಚಿ ಕೂತ. ಬಗ್ಗುವುದನ್ನು ಈಗಲಾದರೂ ಕಲಿತರಾಯಿತು ಎಂದು ತೀರ್ಮಾನಿಸಿ ಬಾಗಿಲನ್ನು ಇಳಿಸಿದ. ಎರಡೂವರೆಯ ಹೊತ್ತಿಗೆ ಹೊಸ ಮನೆಯಲ್ಲಿ ಹೊಸದಾಗಿ ಉಳಿದಿದ್ದುದು ಒಂದೇ, ಅಡುಗೆಮನೆಯ ಕಿಟಕಿ. ಅಂಕೆ ಮೂವತ್ತೊಂದು ಸಾವಿರದ ಏಳುನೂರು.

ಕಿಟಕಿಯ ಗಾಜು, ಸರಳು, ಚೌಕಟ್ಟು ಎಲ್ಲ ಸೇರಿ ಒಂಬೈನೂರು.

ಅವನು ಕೈ ಕಟ್ಟಿಕೊಂಡು ಕೂತುಬಿಟ್ಟ. ಪ್ರಿಯಂವದಾ ಒಳಗಿನಿಂದ ಬಂದು ಎಲ್ಲರ ಮುಖ ನೋಡಿ, ಪರದೆ ನೋಡಿ, ಅರ್ಥ ಮಾಡಿಕೊಂಡಳು.

“ತೆಗೀರಿ” ಎಂದಳು.

“ಬೇಡ. ಅದಕ್ಕೋಸ್ಕರಾನೇ ಅಲ್ವಾ ಇದೆಲ್ಲ?”

“ಮೊದ್ಲು ಮನೆ ಬರ್ಲಿ ರೀ. ಕಿಟಕಿ ಆಮೇಲೆ ಇಟ್ಕೊಳ್ಳೋಣ. ಒಂದು ಕಿಟಕಿಗೆ ಯಾರು ಬೇಡ ಅಂತಾರೆ?”

ಅವನ ಕೈ ಏಳದಿದ್ದುದನ್ನು ಕಂಡು ತಾನೇ ಮೌಸ್ ಹಿಡಿದು ಕಿಟಕಿಯ ಮೇಲೆ ಒತ್ತಿದಳು. ಅಳಿಸುವ ಕೀಲಿ ಯಾವುದೆಂದು ಕೇಳಿದಳು. ಅವನು ತೋರಿಸಿದ. ಕಟ್ಟೆಯ ಮೇಲಿನ ಬಿಸಿಲು ಹೋಯಿತು. ಅಂಕೆ ಮೂವತ್ತು ಸಾವಿರದ ಎಂಟುನೂರು. ಅವಳು ಎದ್ದು ಹೋಗಿ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಜೋಡಿಸತೊಡಗಿದಳು.

ಮೂರು ಗಂಟೆ ಹೊಡೆಯಿತು. ತಿರುಮಲಮ್ಮ ಒಂದು ಕೈಯಲ್ಲಿ ಪಂಪ್ ಸ್ಟೌವ್, ಇನ್ನೊಂದರಲ್ಲಿ ಹಾಲಿನ ಪಾತ್ರೆ ಹಿಡಿದು ಬಂದರು.

“ರಾಹುಕಾಲ ಮುಗೀತು. ಏಳೋ, ಪಂಚೆ ಉಟ್ಕೊಂಡು ಬಾ.”

“ಯಾಕಮ್ಮ?”

“ಯಾಕೆ ಅಂದ್ರೆ? ಬೆಳಿಗ್ಗೆಯಿಂದ ಗಂಡ ಹೆಂಡತಿ ಹೊಸ ಮನೆಯೊಳಗೆ ಓಡಾಡ್ತಾನೇ ಇದೀರ. ಶೂ ಹಾಕ್ಕೊಂಡೋನು ಬೇರೆ ಬಂದು ಹೋದ. ಇನ್ನು ಆಫೀಸರುಗಳು ಬೇರೆ ಒಳಗೆ ಹೋಗ್ತಾರೆ. ಹಾಲು ಉಕ್ಕಿಸ್ದೆ ಮನೆ ತುಂಬ್ತಾರೇನೋ?”

“ಅಮ್ಮ, ಅದು ಕಂಪ್ಯೂಟರೊಳಗಿನ ಮನೆ!”

“ಅದಕ್ಕೇ ಕಂಪ್ಯೂಟರ್ ಮುಂದೆ ಉಕ್ಕಿಸ್ತಿದೀನಿ.”

ವಿದ್ಯಾಧೀಶ ಪಂಚೆ ಹುಡುಕಲು ಎದ್ದ. ರಾಯರು ಕೂಡ, “ಶಾಸ್ತ್ರಕ್ಕೆ ಒಂದು ಸರಿ ಆಗೋಗ್ಲಿ ಬಿಡಯ್ಯ” ಎಂದರು. ಅಕ್ಕಿ ಪೆಟ್ಟಿಗೆಯ ತುದಿಯಲ್ಲಿ ಸ್ಟೌವ್ ಕೂತಿತು. ಪರದೆಗೆ ಅರಿಶಿನ ಕುಂಕುಮ, ಮೇಲೊಂದು ಮಲ್ಲಿಗೆಯ ಎಳೆ. ತಿರುಮಲಮ್ಮ ಗಣಪತಿಯನ್ನು ನೆನೆದು ಸ್ಟೌವಿಗೆ ಗಾಳಿ ಹಾಕಿದರು. ನೀಲಿ ಉರಿ ಬುಸುಗುಟ್ಟಿತು. ಎಲ್ಲರೂ ಸುತ್ತ ನಿಂತರು. ಪ್ರಿಯಂವದಾಳೂ ಬಂದು ಬಾಗಿಲಿಗೆ ಒರಗಿ ನಿಂತಳು. ಹಾಲಿನ ಮೇಲೆ ಕೆನೆ ಕಟ್ಟಿತು, ನಡುಗಿತು, ಮೆಲ್ಲಗೆ ಎದ್ದಿತು. ಹಬೆಯ ಹಿಂದೆ ಪರದೆಯ ಮನೆ ಅಲೆಅಲೆಯಾಗಿ ತೇಲಿತು. ನಿಜವಾಗಿಯೂ ಎಲ್ಲೋ ಒಂದು ಹೊಸ ಮನೆ ತಮಗಾಗಿ ಕಾದಿದೆ ಎಂದು ವಿದ್ಯಾಧೀಶನಿಗೆ ಒಂದು ಗಳಿಗೆ ಅನ್ನಿಸಿತು.

ಹಾಲು ಉಕ್ಕಿತು. ಪಾತ್ರೆಯಿಂದ ಇಳಿದು ಪೆಟ್ಟಿಗೆಯ ಮೇಲೆ ಹರಿದು ನೇರ ಕೀಲಿಮಣೆಯೊಳಕ್ಕೆ ಹೋಯಿತು.

“ಪೂರ್ವಕ್ಕೇ ಹರೀತು ನೋಡೋ!” ಎಂದು ತಿರುಮಲಮ್ಮ ಆನಂದದಿಂದ ಕೈ ಮುಗಿದರು.

ವಿದ್ಯಾಧೀಶ ಕೀಲಿಮಣೆಯನ್ನು ತಲೆಕೆಳಗು ಮಾಡಿ ಬಡಿದ. ಪಂಚೆಯ ತುದಿಯಿಂದ ಒರೆಸಿದ. ಆ ಗಡಿಬಿಡಿಯಲ್ಲಿ ತಲೆಯೆತ್ತಿದಾಗ ಅಡುಗೆಮನೆಯ ಕತ್ತಲಲ್ಲಿ ಪ್ರಿಯಂವದಾ ಬತ್ತಿ ಹೊಸೆಯಲು ಬೆಳಕು ಸಾಲದೆ ಹೊಸಿಲ ಮೇಲೆ ಬಂದು ಕೂತಿದ್ದು ಕಾಣಿಸಿತು. ಅವನ ಮನಸ್ಸು ತಡೆಯಲಿಲ್ಲ. ಗೆದ್ದರೆ ಕಿಟಕಿಯೊಂದಿಗೇ ಗೆಲ್ಲಬೇಕು, ಬೇಕಾದರೆ ನೆಲದ ಗಾರೆಯನ್ನು ಕೈಬಿಟ್ಟರಾಯಿತು ಎಂದುಕೊಂಡು ಮತ್ತೆ ಕಿಟಕಿ ಇಡಲು ಹೋದ. ಅಗಲ ಮೂರು ಎಂದು ಒತ್ತಿದ. ಬೀಳಲಿಲ್ಲ. ನಾಲ್ಕೂ ಬೀಳಲಿಲ್ಲ. ಒಂದೊಂದೇ ಕೀಲಿ ಒತ್ತುತ್ತಾ ಹೋದ. ಹಾಲು ಕುಡಿದ ಕೀಲಿಗಳೆಲ್ಲ ಒಳಗೇ ಅಂಟಿಕೊಂಡು ಮಲಗಿದ್ದವು. ಎಚ್ಚರವಾಗಿದ್ದುದು ಒಂದೇ ಒಂದು, ಬಲಗಡೆಯ ಅಳಿಸುವ ಕೀಲಿ.

ಹೊರಗೆ ಜೀಪಿನ ಹಾರನ್ ಕೇಳಿಸಿತು.

ಸಂಸ್ಥೆಯಿಂದ ಬಂದವರು ಸುಮೇಧಾ ಎಂಬ ಹೆಣ್ಣುಮಗಳು, ಎಂಜಿನಿಯರು. ಎತ್ತರ ಸರಿಯಾಗಿ ಐದಡಿ. ಬಾಗಿಲನ್ನು ಸಲೀಸಾಗಿ ದಾಟಿ ಒಳಗೆ ಬಂದು, “ಅಬ್ಬಾ, ಎಷ್ಟು ತಂಪಾಗಿದೆ ನಿಮ್ಮನೆ!” ಎಂದರು. ತಿರುಮಲಮ್ಮ ಉಕ್ಕಿ ಉಳಿದ ಹಾಲಿಗೆ ಸಕ್ಕರೆ ಹಾಕಿ ಕೊಟ್ಟರು.

ಸುಮೇಧಾ ಪರದೆಯ ಮುಂದೆ ಕೂತು ಅಂಕೆ ನೋಡಿ ಹುಬ್ಬೇರಿಸಿದರು. “ಮೂವತ್ತು ಸಾವಿರದ ಎಂಟುನೂರಾ? ಶ್ರೀನಿವಾಸಪುರದವರಿಗಿಂತ ಕಡಿಮೆ!”

ಬಾಗಿಲಲ್ಲಿ ನಿಂತ ಪ್ರಿಯಂವದಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

ಸುಮೇಧಾ ಮೌಸ್ ಹಿಡಿದು ಮನೆಯೊಳಗೆಲ್ಲ ಓಡಾಡಿದರು. ಆಮೇಲೆ ಎದ್ದು ಟೇಪು ಬಿಚ್ಚಿ ನಡುಮನೆ ಅಳೆದರು. ಪರದೆ ನೋಡಿದರು. ಗೋಡೆಯ ದಪ್ಪ ಅಳೆದರು. ಮತ್ತೆ ಪರದೆ ನೋಡಿದರು. ಕೊನೆಗೆ ತಲೆಬಾಗಿಲನ್ನು ಅಳೆದು, “ಐದಡಿ ಎರಡಂಗುಲ” ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು.

ಬೆಳಗಿನಿಂದ ಅಂಕೆಯನ್ನೇ ನೋಡುತ್ತಿದ್ದ ವಿದ್ಯಾಧೀಶ ಆಗ ಮೊದಲ ಸಲ ಮನೆಯನ್ನು ನೋಡಿದ. ತಿರುಮಲಮ್ಮ ಆಚೆ ಕಳಿಸಿದ್ದ ಶೂ ಹಾಕಿದ ಮನುಷ್ಯ ಪರದೆಯ ತಲೆಬಾಗಿಲಲ್ಲಿ ನಿಂತೇ ಇದ್ದ. ಅವನ ಹಣೆ ಅಡ್ಡಗಲ್ಲಿನೊಳಗೆ ಹೂತುಹೋಗಿತ್ತು. ವಿದ್ಯಾಧೀಶನ ಕೈ ತಾನಾಗಿ ಹಣೆಯ ಬುಗುಟಿಗೆ ಹೋಯಿತು.

“ಒಂದು ವಿಷಯ ಕೇಳ್ಲಾ?” ಎಂದರು ಸುಮೇಧಾ. “ಈ ಮನೆ ಬಿಚ್ಚಿ, ಇದೇ ಕಲ್ಲಲ್ಲಿ, ಇದೇ ಜಾಗದಲ್ಲಿ, ಇದೇ ಅಳತೆಗೆ, ಇದೇ ಮನೆ ಕಟ್ತೀರಿ. ಅಲ್ವಾ?”

ರಾಯರು ಕೆಮ್ಮಿದರು. ಕದಿರಪ್ಪ, “ಅಂತೇ ಅಮ್ಮಾ” ಎಂದ.

“ಕಲ್ಲಿಗೆಲ್ಲ ಸೊನ್ನೆ. ಈ ಮೂವತ್ತು ಸಾವಿರದ ಎಂಟುನೂರು ಬರೀ ಬಿಚ್ಚೋದಕ್ಕೆ, ಮತ್ತೆ ಜೋಡಿಸೋ ಗಾರೆಗೆ. ಹಾಗಾದ್ರೆ ಬಿಚ್ಚದೇ ಇದ್ರೆ?”

ಯಾರಾದರೂ ಏನಾದರೂ ಹೇಳುವ ಮುನ್ನವೇ ಅವರು ಲೆಕ್ಕದ ಪಟ್ಟಿಯಲ್ಲಿ ಆ ಎರಡು ಸಾಲುಗಳನ್ನು ಆರಿಸಿ ಅಳಿಸುವ ಕೀಲಿ ಒತ್ತಿದರು. ಅದು ಚೆನ್ನಾಗಿಯೇ ಕೆಲಸ ಮಾಡಿತು. ಮೂಲೆಯ ಅಂಕೆ ಕಣ್ಣು ಮಿಟುಕಿಸಿ ಸೊನ್ನೆಯಾಯಿತು.

“ಸೊನ್ನೆ!” ಸುಮೇಧಾ ಚಪ್ಪಾಳೆ ತಟ್ಟಿದರು. “ಎಷ್ಟು ಜನ ಎಷ್ಟೆಲ್ಲ ಕಟ್ಟಿದ್ರು, ಕಟ್ಟೋದೇ ಬೇಡ ಅನ್ನೋ ಉತ್ತರ ಯಾರಿಗೂ ಹೊಳೀಲಿಲ್ಲ. ನಿಮ್ಗೇ ಮೊದಲ ಬಹುಮಾನ ಸಾರ್!”

“ಹಾಗಾದ್ರೆ... ಮನೆ?” ಎಂದ ವಿದ್ಯಾಧೀಶ.

“ಮಾದರಿಯಲ್ಲಿರೋ ಮನೇನ ನಾವು ನಿಲ್ಲಿಸಿಕೊಡ್ಬೇಕಿತ್ತು. ಆಗ್ಲೇ ನಿಂತಿದೆಯಲ್ಲ!”

“ಒಂದು ಕಿಟಕಿ ಮಾತ್ರ, ಅಡುಗೆಮನೆಗೆ, ಚಿಕ್ಕದು...”

ಸುಮೇಧಾ ಫೈಲಿನಿಂದ ಒಂದು ಹಾಳೆ ತೆಗೆದರು. ಹತ್ತು ವರ್ಷ ಮಾದರಿಯಲ್ಲಿ ಇದ್ದಂತೆಯೇ ಇಟ್ಟುಕೊಳ್ಳುವ ಷರತ್ತು, ಕೆಳಗೆ ಅವನದೇ ಸಹಿ, ನಗುತ್ತಾ ಹಾಕಿದ್ದಕ್ಕೋ ಏನೋ ಎಂದಿಗಿಂತ ದುಂಡಾಗಿತ್ತು. “ಒಂದು ಮೊಳೆ ಕೂಡ ಹೊಡೆಯೋ ಹಾಗಿಲ್ಲ ಸಾರ್. ಎರಡನೇ ಶನಿವಾರ ಜನ ನೋಡಕ್ಕೆ ಬರ್ತಾರೆ. ನೆರೆಯವರ ಒಪ್ಪಿಗೇನೂ ಇದೆ, ತುಂಬಾ ಅಚ್ಚುಕಟ್ಟು.”

ರಾಯರು ತೃಪ್ತಿಯಿಂದ ತಲೆದೂಗಿದರು. ಎಲ್ಲರಿಗಿಂತ ಸಂತೋಷಪಟ್ಟವರು ತಿರುಮಲಮ್ಮ. “ನೋಡಿದ್ಯೇನೋ? ಹಾಲು ಉಕ್ಕಿಸಿದ್ದು ಇದೇ ಮನೆಗೆ ಅಂತಾಯ್ತು. ಇನ್ನೊಂದು ಸಲ ಗೃಹಪ್ರವೇಶದ ಖರ್ಚಿಲ್ಲ.”

ವಿದ್ಯಾಧೀಶ ಹೆಂಡತಿಯ ಮುಖ ನೋಡಲಾರದೆ ಅಂಗಳಕ್ಕೆ ಹೊರಟ. ಅಡ್ಡಗಲ್ಲು ಇದ್ದಲ್ಲೇ ಇತ್ತು.

ಮುಂದಿನ ವಾರ ಬೆಂಗಳೂರಿನಿಂದ ಹಿತ್ತಾಳೆಯ ಫಲಕ ಬಂತು. ಶೂನ್ಯ ಶಕ್ತಿಯ ಮಾದರಿ ಮನೆ ಎಂದು ಅಂದವಾಗಿ ಕೊರೆದಿದ್ದರು. ಮೊಳೆ ಹೊಡೆಯುವಂತಿಲ್ಲವಲ್ಲ, ಕದಿರಪ್ಪ ಅದನ್ನು ತೆಂಗಿನ ಹಗ್ಗದಲ್ಲಿ ಕಟ್ಟಿ ಅಡ್ಡಗಲ್ಲಿನಿಂದ ಇಳಿಬಿಟ್ಟ. ಬಾಗಿಲು ಇನ್ನೂ ಅರ್ಧ ಅಡಿ ತಗ್ಗಾಯಿತು. ಈಗ ವಿದ್ಯಾಧೀಶ ಮೊದಲು ಫಲಕಕ್ಕೆ ಮೂಗು ತಗುಲಿಸಿ, ಆಮೇಲೆ ಕಲ್ಲಿಗೆ ಹಣೆ ತಗುಲಿಸಿ ಒಳಗೆ ಬರುತ್ತಿದ್ದ.

ಒಂದು ಬೆಳಿಗ್ಗೆ ಪ್ರಿಯಂವದಾ ತಾನಾಗಿ ಕೇಳಿದಳು. “ರೀ, ಅವತ್ತು ಬೆಳಿಗ್ಗೆ ತೋರಿಸಿದ್ರಲ್ಲ, ಆ ಮನೆ ಅಳಿಸಿಹೋಯ್ತಾ?”

“ಇಲ್ಲ, ಬೇರೆ ಇಟ್ಟಿದೀನಿ.”

“ಹಾಗಾದ್ರೆ ಆ ಪರದೇನ ಅಡುಗೆಮನೇಲಿ ಇಡಕ್ಕಾಗುತ್ತಾ? ಪೂರ್ವದ ಗೋಡೆ ಗೂಡಲ್ಲಿ?”

ಅವನು ಉದ್ದನೆಯ ತಂತಿ ತಂದು ಗೂಡಿನಲ್ಲಿ ಪರದೆ ಇಟ್ಟುಕೊಟ್ಟ. ಅಂದಿನಿಂದ ಆ ಅಡುಗೆಮನೆಯಲ್ಲಿ ದಿನಾ ಬೆಳಿಗ್ಗೆ ಎಂಟರ ಬಿಸಿಲು ಒಲೆಯ ಕಟ್ಟೆಯ ಮೇಲೆ ಹಾಸಿಕೊಳ್ಳುತ್ತಿತ್ತು. ಅವಳು ಅದರ ಮುಂದೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು, ಕೆಲವೊಮ್ಮೆ ಸುಮ್ಮನೆ ಕೂರುತ್ತಿದ್ದಳು. ಕರೆಂಟು ಹೋದಾಗ ಹೊತ್ತು ಮುಳುಗುತ್ತಿತ್ತು. ಬಂದ ಕೂಡಲೇ ಮತ್ತೆ ಎಂಟು ಗಂಟೆ.

ಎರಡು ತಿಂಗಳ ಮೇಲೆ ಸಂಸ್ಥೆಯಿಂದ ಒಂದು ಪತ್ರ ಬಂತು. ಶೂನ್ಯ ಶಕ್ತಿಯ ಮನೆಯಲ್ಲಿ ವಿದ್ಯುತ್ ಬಳಕೆ ಇದ್ದಕ್ಕಿದ್ದಂತೆ ಎರಡು ಪಟ್ಟಾಗಿರುವುದು ನಮ್ಮ ಗಮನಕ್ಕೆ ಬಂದಿದೆ, ಕಾರಣವನ್ನು ಲಿಖಿತವಾಗಿ ತಿಳಿಸತಕ್ಕದ್ದು ಎಂದಿತ್ತು. ವಿದ್ಯಾಧೀಶ ಎರಡು ದಿನ ಯೋಚಿಸಿದ. ಮೂರನೆಯ ದಿನ ಅಡುಗೆಮನೆಯ ಹೊಸಿಲಲ್ಲಿ ಕೂತು, ಒಳಗಿನಿಂದ ಬೀಳುತ್ತಿದ್ದ ಬೆಳಕಿನಲ್ಲೇ ಉತ್ತರ ಬರೆದ.

“ಮಾನ್ಯರೇ, ನಮ್ಮ ಅಡುಗೆಮನೆಯ ಕಿಟಕಿ ಇಡೀ ದಿನ ತೆರೆದಿರುತ್ತದೆ.”